ಎಲ್ವಾಸ್ ಕೋಟೆಯೊಳಗೆ 7 ಮೀಟರ್ ಉದ್ದದ ಗಾಡಿ ಒಯ್ಯಬಹುದೇ?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿರುವ ದಂಪತಿ. ಏಪ್ರಿಲ್‌ನಲ್ಲಿ ಅಪ್ಪ-ಅಮ್ಮ ಬರುತ್ತಿದ್ದಾರೆ. ಅವರದು ಜರ್ಮನಿ ಕೊಟ್ಟ ಷೆಂಗೆನ್ ವೀಸಾ, ಒಂದೇ ಪ್ರವೇಶದ್ದು. ಲಿಸ್ಬನ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿ ಒಳಗೇ ಅಡುಗೆ ಮಾಡಿ ಮಲಗಬಹುದಾದ 7 ಮೀಟರ್ ಉದ್ದದ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು, ಪೋರ್ಚುಗಲ್ ಗಡಿಯ ಕೋಟೆ ಊರು ಎಲ್ವಾಸ್ ನೋಡಿ, ಗಡಿಯಾಚೆ ಸ್ಪೇನ್‌ನ ಬಡಾಹೋಸ್‌ಗೂ ಹೋಗಿ ಬರುವ ಯೋಚನೆ. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು. ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ನಡೆಯಲಾರರು. ಅದಕ್ಕೇ ಗಾಡಿಯನ್ನು ಕೋಟೆಯ ಒಳಗೇ ಒಯ್ದು ನಿಲ್ಲಿಸೋಣ ಅಂತಿದ್ದೇವೆ. ಫೋನಿನ ಮ್ಯಾಪ್ ಕೂಡ ಕೋಟೆ ಬಾಗಿಲಿನ ಮೂಲಕವೇ ದಾರಿ ತೋರಿಸುತ್ತಿದೆ. ಆದರೆ ಪೋರ್ಚುಗಲ್‌ನಲ್ಲಿ ಮೋಟರ್‌ಹೋಮ್‌ನಲ್ಲಿ ಮಲಗುವುದೇ ಅಪರಾಧ ಎಂದು ಒಬ್ಬ ಸ್ನೇಹಿತರು ಹೇಳಿದರು. ಗಡಿ ಊರುಗಳಲ್ಲಿ ಕಳ್ಳರು ರಾತ್ರಿ ಗಾಡಿಯೊಳಗೆ ಗ್ಯಾಸ್ ಬಿಟ್ಟು, ಪ್ರಜ್ಞೆ ತಪ್ಪಿಸಿ ದೋಚುತ್ತಾರೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಗಡಿ ದಾಟಿದರೆ ಅಪ್ಪ-ಅಮ್ಮನ ವೀಸಾ ಅಲ್ಲಿಗೇ ಮುಗಿಯುತ್ತದಾ? ಬರೀ ಗೋಡೆಗಳ ಊರು, ಅರ್ಧ ದಿನ ಸಾಕು ಅಂತಾರೆ, ನಿಜವಾ?

ಉತ್ತರ: ನಿಮ್ಮ ಪತ್ರದಲ್ಲಿ ಐದು ಪ್ರಶ್ನೆಗಳಿವೆ. ಆದರೆ ಎಲ್ಲದರ ಹಿಂದಿರುವ ಚಿಂತೆ ಒಂದೇ ಅನ್ನಿಸಿತು. ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಟಿದ್ದೀರಿ. ಅವರಿಗೆ ತೊಂದರೆ ಆಗಬಾರದು, ಪೊಲೀಸರ ಕಾಟ ಇರಬಾರದು, ಅಪ್ಪನಿಗೆ ಕೋಟೆಯನ್ನು ಮನಸಾರೆ ನೋಡಿದ ತೃಪ್ತಿ ಸಿಗಬೇಕು. ಬಾಡಿಗೆ ಮೋಟರ್‌ಹೋಮ್‌ಗಳನ್ನು ಜನರ ಕೈಗೆ ಒಪ್ಪಿಸಿ, ದಾರಿ ಹೇಳಿ ಕಳಿಸಿ, ವಾಪಸ್ ಬಂದಾಗ ಗಾಡಿಯನ್ನು ಪರೀಕ್ಷಿಸುವುದು ನನ್ನ ಕೆಲಸ. ಪೋರ್ಚುಗಲ್-ಸ್ಪೇನ್ ಗಡಿಯ ಕೋಟೆ ಊರುಗಳಿಗೆ ಹೋಗುವವರು ತುಂಬಾ ಜನ. ನಿಮ್ಮ ಪ್ರಶ್ನೆಗಳನ್ನೇ ಅವರೂ ಕೇಳುತ್ತಾರೆ.

ಮೊದಲು ಕೋಟೆ ಬಾಗಿಲಿನ ವಿಷಯ. ಒಳಗೆ ಒಯ್ಯಬೇಡಿ. ಕಾರುಗಳು ಒಳಗೆ ಹೋಗುತ್ತವೆ, ಜನ ಅಲ್ಲಿ ವಾಸ ಮಾಡುತ್ತಾರೆ, ಸಾಮಾನಿನ ವ್ಯಾನುಗಳೂ ಓಡಾಡುತ್ತವೆ. ಹಾಗಾಗಿ ಮ್ಯಾಪ್ ಸುಳ್ಳು ಹೇಳುತ್ತಿಲ್ಲ. ಅದು ನಿಮ್ಮನ್ನು ಕಾರು ಅಂದುಕೊಂಡಿದೆ, ಅಷ್ಟೇ. ನೀವು ಓಡಿಸಲಿರುವ ಗಾಡಿ ಸಾಮಾನ್ಯವಾಗಿ 2.3 ಮೀಟರ್ ಅಗಲ ಇರುತ್ತದೆ. ಎರಡೂ ಕನ್ನಡಿ ಸೇರಿಸಿದರೆ ಇನ್ನೂ ಜಾಸ್ತಿ. ಎತ್ತರ 3 ಮೀಟರ್ ಆಸುಪಾಸು.

ಆದರೆ ನನಗೆ ಅಗಲ, ಎತ್ತರಕ್ಕಿಂತ ಹೆಚ್ಚು ಭಯ ಹಿಂಬದಿಯದು. 7 ಮೀಟರ್ ಗಾಡಿಯಲ್ಲಿ ಹಿಂದಿನ ಚಕ್ರ ಮುಗಿದ ಮೇಲೂ ಸುಮಾರು 2 ಮೀಟರ್ ಉದ್ದದ ಮೈ ಹೊರಚಾಚಿಕೊಂಡಿರುತ್ತದೆ. ನೀವು ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಆ ಹಿಂಬದಿ ಬಲಕ್ಕೆ ಬೀಸುತ್ತದೆ. ಡ್ರೈವರ್ ಕಣ್ಣು ಎಡಗಡೆಯ ಗೋಡೆ ಮೇಲೆ ಇರುತ್ತದೆ. ಬಲಗಡೆ ಹಿಂದಿನ ಮೂಲೆ ಮೆಲ್ಲಗೆ ಕಲ್ಲಿಗೆ ಒರೆಸಿಕೊಂಡು ಹೋಗುತ್ತದೆ. ವೇಗ ನಡಿಗೆಯಷ್ಟೂ ಇರುವುದಿಲ್ಲ, ಸದ್ದು ಕೂಡ ಜೋರಾಗಿ ಕೇಳುವುದಿಲ್ಲ. ನನ್ನ ಅಂಗಳಕ್ಕೆ ವಾಪಸ್ ಬರುವ ಗಾಡಿಗಳಲ್ಲಿ ಹೆದ್ದಾರಿಯ ಗಾಯಗಳು ಕಡಿಮೆ. ಹಳೇ ಊರಿನ ಮೂಲೆಗಳಲ್ಲಿ ಆದ ಗಾಯಗಳೇ ಜಾಸ್ತಿ: ಹಿಂದಿನ ಮೂಲೆ, ಚಾವಣಿಯ ಅಂಚು, ಕನ್ನಡಿ. ಬಾಡಿಗೆ ಕರಾರು ಒಮ್ಮೆ ಓದಿ ನೋಡಿ. ದುಬಾರಿ ವಿಮೆ ಕೊಂಡರೂ ಚಾವಣಿಗೆ ಮತ್ತು ಗಾಡಿಯ ತಳಕ್ಕೆ ಆದ ಹಾನಿಯನ್ನು ಅದರಿಂದ ಹೊರಗಿಡುವುದು ಮಾಮೂಲು. ಕಮಾನಿಗೆ ತಾಗುವುದು ಚಾವಣಿಯೇ ಅಲ್ವಾ?

ಇನ್ನೊಂದು ಕಾರಣ ನಿಮ್ಮ ತಂದೆಯವರಿಗೆ ಇಷ್ಟವಾದೀತು. ಇಂಥ ಕೋಟೆಯ ಬಾಗಿಲು ಕಟ್ಟಿದ್ದೇ ಒಳಗೆ ಬರುವವರನ್ನು ತಡೆದು ನಿಲ್ಲಿಸುವುದಕ್ಕೆ. ಕಂದಕದ ಮೇಲೆ ಕಿರಿದಾದ ಸೇತುವೆ, ಆಮೇಲೆ ಗೋಡೆಯ ದಪ್ಪವನ್ನು ಕೊರೆದ ಸುರಂಗದಂಥ ದಾರಿ, ಅದೂ ನೇರ ಇರುವುದಿಲ್ಲ. ಹೊರಗಿನಿಂದ ಹಾರಿಸಿದ ಗುಂಡು ನೇರವಾಗಿ ಊರೊಳಗೆ ಹೋಗಬಾರದು, ನುಗ್ಗುವ ಸೈನ್ಯ ತಿರುವಿನಲ್ಲಿ ಸಿಕ್ಕಿಬೀಳಬೇಕು. ಆ ಲೆಕ್ಕಾಚಾರ ಇವತ್ತಿಗೂ ಕೆಲಸ ಮಾಡುತ್ತಿದೆ. ಸಿಕ್ಕಿಬೀಳುವವರು ಮೋಟರ್‌ಹೋಮ್‌ನವರು.

ಹಾಗಾದರೆ ನಿಲ್ಲಿಸುವುದೆಲ್ಲಿ? ಊರಿನ ಪಶ್ಚಿಮಕ್ಕೆ, ಗೋಡೆಯ ಹೊರಗೆ, ಅಮೊರೈರಾ ಮೇಲ್ಗಾಲುವೆಯ (ಕಮಾನುಗಳ ಮೇಲೆ ಊರಿಗೆ ನೀರು ತರುವ ಹಳೇ ಕಾಲುವೆ) ಪಕ್ಕದಲ್ಲಿ ದೊಡ್ಡ ಬಯಲಿದೆ. ಮೋಟರ್‌ಹೋಮ್‌ನವರು ಸಾಮಾನ್ಯವಾಗಿ ಅಲ್ಲೇ ನಿಲ್ಲಿಸುತ್ತಾರೆ. ಜಾಗ ಸಮತಟ್ಟಾಗಿದೆ, ತಿರುಗಿಸಿಕೊಳ್ಳಲು ಬೇಕಾದಷ್ಟು ಸ್ಥಳ ಇದೆ, ಕೋಟೆ ಬಾಗಿಲಿಗೆ ನಡೆದೇ ಹೋಗಬಹುದು. ಹೋದ ಕೂಡಲೇ ಅಲ್ಲಿರುವ ಬೋರ್ಡ್ ಓದಿ. ಸಂತೆ, ಜಾತ್ರೆ ಅಂತ ಕೆಲವು ದಿನ ಬಯಲನ್ನು ತೆರವು ಮಾಡಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಸಾವೊ ಮತೇಯುಸ್ ಜಾತ್ರೆ ಹೊತ್ತಿಗಂತೂ ಊರು ತುಂಬಿ ತುಳುಕುತ್ತದೆ. ನೀವು ಏಪ್ರಿಲ್‌ನಲ್ಲಿ ಹೋಗುವುದರಿಂದ ಆ ಚಿಂತೆ ಇಲ್ಲ.

ಈಗ ಅಮ್ಮನ ಮೊಣಕಾಲು. ಗಾಡಿ ಒಳಗೆ ಹೋಗದಿದ್ದರೆ ಅಮ್ಮನಿಗೆ ಕಷ್ಟ ಎನ್ನುವುದು ನಿಮ್ಮ ಲೆಕ್ಕ. ನಾನು ಅದನ್ನು ತಿರುಗಿಸಿ ಹೇಳುತ್ತೇನೆ. ಒಳಗೆ ಹೋದರೂ ಆ ಗಾಡಿಯನ್ನು ಚೌಕದ ಪಕ್ಕ ನಿಲ್ಲಿಸಲು ಜಾಗ ಸಿಗುವುದಿಲ್ಲ. ಅದರ ಬದಲು ಬಯಲಿನಿಂದ ಟ್ಯಾಕ್ಸಿ ಮಾಡಿ. ಟ್ಯಾಕ್ಸಿಯವರು ಊರ ನಡುವಿನ ರಿಪಬ್ಲಿಕ್ ಚೌಕದ ಹತ್ತಿರಕ್ಕೆ ಬಿಡುತ್ತಾರೆ. ಆ ಚೌಕದ ಒಂದು ತುದಿಯಲ್ಲಿ ಹಳೆಯ ಕಥೀಡ್ರಲ್ ಇದೆ. ಲಿಸ್ಬನ್‌ನ ಬೆಲೆಂ ಗೋಪುರ ಕಟ್ಟಿದ ಫ್ರಾನ್ಸಿಸ್ಕೊ ದ ಅರ್ರೂಡನೇ 16ನೇ ಶತಮಾನದಲ್ಲಿ ಇದನ್ನೂ ಶುರು ಮಾಡಿದ್ದು. ಚೌಕದಲ್ಲಿ ಕೂತು ಕಾಫಿ ಕುಡಿಯಲು ಜಾಗ ಇದೆ. ಉಳಿದವರು ಮೇಲಿನ ಹಳೇ ಅರಮನೆ ಕೋಟೆಯ ತನಕ ಏರಿ ಬರುವಷ್ಟರಲ್ಲಿ ಅಮ್ಮ ಅಲ್ಲಿ ಆರಾಮಾಗಿರಬಹುದು. ಒಂದು ಎಚ್ಚರಿಕೆ: ಬೀದಿಗಳಿಗೆ ಹಾಸಿರುವುದು ಸಣ್ಣ ಕಲ್ಲು. ಓಡಾಡಿ ಓಡಾಡಿ ನುಣುಪಾಗಿದೆ. ಮಳೆ ಬಿದ್ದರೆ ಜಾರುತ್ತದೆ, ಅದರಲ್ಲೂ ಇಳಿಯುವಾಗ. ರಬ್ಬರ್ ಅಡಿಯ ಶೂ ಇರಲಿ, ಚಪ್ಪಲಿ ಬೇಡ.

ಮಲಗುವುದು ಅಪರಾಧವೇ ಎಂಬ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳೆಯ ಸುದ್ದಿ. 2021ರ ಜನವರಿಯಲ್ಲಿ ಪೋರ್ಚುಗಲ್ ಒಂದು ಬಿಗಿ ನಿಯಮ ತಂದಿತು. ಗೊತ್ತುಮಾಡಿದ ಜಾಗಗಳನ್ನು ಬಿಟ್ಟು ಬೇರೆಲ್ಲೂ ರಾತ್ರಿ ಮೋಟರ್‌ಹೋಮ್‌ನಲ್ಲಿ ತಂಗುವಂತಿಲ್ಲ ಅಂತ. ಅದಕ್ಕೆ ತುಂಬಾ ವಿರೋಧ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಸಡಿಲಿಸಿದರು. ಈಗ ಒಂದು ಪುರಸಭೆಯ ವ್ಯಾಪ್ತಿಯಲ್ಲಿ ಗರಿಷ್ಠ 48 ಗಂಟೆ ತಂಗಬಹುದು. ಆದರೆ ನಾಟುರಾ 2000 ಎಂಬ ಸಂರಕ್ಷಿತ ಪ್ರದೇಶಗಳು, ಇತರ ಸಂರಕ್ಷಿತ ಜಾಗಗಳು ಮತ್ತು ಕರಾವಳಿ ಯೋಜನೆಗೆ ಒಳಪಟ್ಟ ತೀರದಲ್ಲಿ ಅದಕ್ಕೆಂದೇ ಮಾಡಿದ ಜಾಗ ಬಿಟ್ಟು ತಂಗುವಂತಿಲ್ಲ. ಇದಲ್ಲದೆ ಸ್ಥಳೀಯ ಪುರಸಭೆ ತನ್ನದೇ ನಿಯಮ ಮಾಡಬಹುದು. ತಪ್ಪಿದರೆ ದಂಡ 60ರಿಂದ 300 ಯೂರೊ. ಸಂರಕ್ಷಿತ ಪ್ರದೇಶವಾದರೆ ಅದರ ಎರಡರಷ್ಟು.

ಎಲ್ವಾಸ್ ಊರಿನ ಪಕ್ಕದ ಬಯಲಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಹತ್ತಿರದ ಕಾಯಾ ನದಿಯ ಕಡೆ "ಎಷ್ಟು ಚೆಂದದ ಜಾಗ, ಯಾರೂ ಇಲ್ಲ, ಇಲ್ಲೇ ಮಲಗೋಣ" ಅನ್ನಿಸುವ ತಾಣಗಳು ಸಿಗುತ್ತವೆ. ಅದರಲ್ಲಿ ಕೆಲವು ಭಾಗ ಸಂರಕ್ಷಿತ ಪ್ರದೇಶ. ಅಲ್ಲಿ ಬೇಡ.

ತಂಗುವುದಕ್ಕೂ ಕ್ಯಾಂಪ್ ಹಾಕುವುದಕ್ಕೂ ಕಾನೂನು ವ್ಯತ್ಯಾಸ ಮಾಡುತ್ತದೆ. ನೀವು ಒಳಗೆ ಅಡುಗೆ ಮಾಡಿ, ಉಂಡು, ಮಲಗಿದರೆ ಅದು ತಂಗುವುದು. ಪಕ್ಕದಲ್ಲಿ ನೆರಳಿನ ಬಟ್ಟೆ ಬಿಚ್ಚಿ, ಮೇಜು-ಕುರ್ಚಿ ಹಾಕಿ, ಹಗ್ಗಕ್ಕೆ ಟವೆಲ್ ಒಣಹಾಕಿದರೆ ಅದು ಕ್ಯಾಂಪು. ಸಂಜೆ ಬಿಸಿಲಿಗೆ ಅಮ್ಮನಿಗೆ ಹೊರಗೊಂದು ಕುರ್ಚಿ ಹಾಕೋಣ ಅಂತ ಖಂಡಿತ ಅನ್ನಿಸುತ್ತದೆ. ಬಾಡಿಗೆ ಗಾಡಿಯಲ್ಲಿ ಕುರ್ಚಿ ಕೊಟ್ಟೂ ಇರುತ್ತಾರೆ. ಅದನ್ನು ಕ್ಯಾಂಪಿಂಗ್ ಜಾಗಕ್ಕೆ ಇಟ್ಟುಕೊಳ್ಳಿ. ಸ್ಪೇನ್‌ನಲ್ಲೂ ಹೆಚ್ಚುಕಡಿಮೆ ಇದೇ ತತ್ವ: ನಿಲ್ಲಿಸಲು ಅವಕಾಶವಿರುವ ಜಾಗದಲ್ಲಿ ಸರಿಯಾಗಿ ನಿಲ್ಲಿಸಿ ಒಳಗೆ ಮಲಗಬಹುದು, ಆದರೆ ಚಕ್ರ ಬಿಟ್ಟು ಬೇರೇನೂ ನೆಲ ಮುಟ್ಟಬಾರದು, ಹೊರಕ್ಕೆ ತೆರೆಯುವ ಕಿಟಕಿಯೂ ಗಾಡಿಯ ಅಂಚು ದಾಟಬಾರದು. ಕೊಳಕು ನೀರನ್ನು ಎಲ್ಲೆಂದರಲ್ಲಿ ಬಿಡಬೇಡಿ, ಅದಕ್ಕೆಂದೇ ಮಾಡಿದ ಕಡೆ ಮಾತ್ರ ಬಿಡಿ. ಊರಿನವರು ಮೋಟರ್‌ಹೋಮ್‌ಗಳನ್ನು ಬೇಡ ಅನ್ನಲು ಶುರು ಮಾಡುವುದು ಇದೇ ಕಾರಣಕ್ಕೆ.

ಇನ್ನು ಗ್ಯಾಸ್ ಬಿಟ್ಟು ದೋಚುವ ಕಳ್ಳರ ಕಥೆ. ಇದನ್ನು ಕೇಳದ ಮೋಟರ್‌ಹೋಮ್ ಪ್ರವಾಸಿ ಇಲ್ಲ. ಇದು ನಿಜವಲ್ಲ. ಬ್ರಿಟನ್‌ನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಇದನ್ನು ಕಟ್ಟುಕಥೆ ಎಂದೇ ಹೇಳಿದೆ. ಕಾರಣ ಸರಳ. ಮನುಷ್ಯರಿಗೆ ಅರಿವಳಿಕೆ ಕೊಡಲು ಆವಿಯ ಪ್ರಮಾಣ ಗಾಳಿಯಲ್ಲಿ ಒಂದು ಮಟ್ಟಕ್ಕೆ ಬರಬೇಕು. ಆಪರೇಷನ್ ಥಿಯೇಟರ್‌ನಲ್ಲಿ ಮೂಗಿನ ಮೇಲೆ ಮಾಸ್ಕ್ ಇಟ್ಟು ಕೊಡುವಾಗಲೇ ಅಷ್ಟು ಜಾಗ್ರತೆ ಬೇಕು. ಗಾಳಿ ಕಿಂಡಿಗಳಿರುವ ಇಡೀ ಗಾಡಿಯನ್ನು ಹೊರಗಿನಿಂದ ತುಂಬಿಸಲು ವಿಪರೀತ ಪ್ರಮಾಣದ ದುಬಾರಿ ಔಷಧ ಬೇಕು, ಅದನ್ನು ಆವಿ ಮಾಡುವ ಸಲಕರಣೆ ಬೇಕು. ಈಥರ್‌ನಂಥದ್ದಾದರೆ ಅದರ ಘಾಟು ವಾಸನೆಗೇ ಎಚ್ಚರವಾಗುತ್ತದೆ, ಬೆಂಕಿ ಹತ್ತುವ ಅಪಾಯ ಬೇರೆ. ಹಾಗಾದರೆ ಜನ ಯಾಕೆ ಹಾಗೆ ಹೇಳುತ್ತಾರೆ? ದಿನವಿಡೀ ಗಾಡಿ ಓಡಿಸಿ, ಒಂದು ಲೋಟ ವೈನ್ ಕುಡಿದು ಮಲಗಿದವರಿಗೆ ಗಾಢ ನಿದ್ದೆ ಬರುತ್ತದೆ. ಕಳ್ಳ ಬಂದು ಹೋದದ್ದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ತಲೆ ಭಾರ. ಅಷ್ಟು ಹತ್ತಿರದಲ್ಲಿ ಯಾರೋ ಓಡಾಡಿದರೂ ಎಚ್ಚರವಾಗಲಿಲ್ಲ ಎನ್ನುವುದನ್ನು ಒಪ್ಪಲು ಮನಸ್ಸಿಗೆ ಕಷ್ಟ. ಅವರ ಭಯ ನಿಜ, ಗ್ಯಾಸ್ ಮಾತ್ರ ನಿಜವಲ್ಲ.

ಆದರೆ ಈ ಕಥೆ ನಂಬಿದವರು ಮಾಡುವ ಒಂದು ಕೆಲಸ ನನಗೆ ನಿಜಕ್ಕೂ ಆತಂಕ ತರುತ್ತದೆ. ಕಳ್ಳರು ಗ್ಯಾಸ್ ಬಿಡಬಾರದು ಅಂತ ಗಾಳಿ ಕಿಂಡಿಗಳಿಗೆ ಟೇಪ್ ಅಂಟಿಸುತ್ತಾರೆ, ಬಟ್ಟೆ ತುರುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೋಟರ್‌ಹೋಮ್‌ನಲ್ಲಿ ಪ್ರಾಣ ತೆಗೆಯುವ ಗ್ಯಾಸ್ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಲೆ ಅಥವಾ ಹೀಟರ್ ಸರಿಯಾಗಿ ಉರಿಯದಿದ್ದರೆ, ಗಾಳಿ ಸಾಲದಿದ್ದರೆ ಅದು ಹುಟ್ಟುತ್ತದೆ. ಏಪ್ರಿಲ್ ರಾತ್ರಿ ಎಲ್ವಾಸ್ ಇರುವ ಅಲೆಂತೇಜು ಪ್ರಾಂತ್ಯದ ಕಡೆ ಚಳಿ ಇರಬಹುದು. ಬೆಚ್ಚಗಾಗಲಿ ಅಂತ ಅಡುಗೆ ಒಲೆ ಹಚ್ಚಿಟ್ಟುಕೊಂಡು ಮಲಗಬಾರದು. ಗಾಡಿ ತೆಗೆದುಕೊಳ್ಳುವಾಗ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಎಂದು ಕೇಳಿ. ಅದರ ಟೆಸ್ಟ್ ಗುಂಡಿಯನ್ನು ನಿಮ್ಮ ಕೈಯಾರೆ ಒತ್ತಿ, ಕಿರುಚಿದರೆ ಸರಿ. ಇಲ್ಲದಿದ್ದರೆ ಒಂದು ಕೊಂಡು ಇಟ್ಟುಕೊಳ್ಳಿ.

ನಿಜವಾದ ಕಳ್ಳತನ ಆಗುವುದು ಬಹುಪಾಲು ಹಗಲಲ್ಲೇ. ಹೆದ್ದಾರಿ ಬದಿಯ ವಿಶ್ರಾಂತಿ ತಾಣ, ಜನ ಗಿಜಿಗುಡುವ ಪ್ರವಾಸಿ ತಾಣಗಳ ಪಾರ್ಕಿಂಗ್. ಮುಂದಿನ ಸೀಟಿನ ಮೇಲೆ ಬ್ಯಾಗ್ ಕಂಡರೆ ಗಾಜು ಒಡೆಯುತ್ತಾರೆ. ಅಪ್ಪ-ಅಮ್ಮನ ಪಾಸ್‌ಪೋರ್ಟನ್ನು ಗಾಡಿಯಲ್ಲಿ ಬಿಡಬೇಡಿ, ಜೊತೆಗೇ ಇರಲಿ. ರಾತ್ರಿ ಇನ್ನೂ ಒಂದೆರಡು ಮೋಟರ್‌ಹೋಮ್ ಇರುವ ಕಡೆ ನಿಲ್ಲಿಸಿ. ಎಲ್ವಾಸ್ ಸಣ್ಣ ಊರು, ಶಾಂತ ಊರು. ಗಡಿ ಊರು ಅಂದಮಾತ್ರಕ್ಕೆ ಹೆದರಬೇಕಿಲ್ಲ.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಒಂದೇ ಪ್ರವೇಶ ಅಂದರೆ ಇಡೀ ಷೆಂಗೆನ್ ಪ್ರದೇಶಕ್ಕೆ ಒಂದು ಪ್ರವೇಶ. ಜರ್ಮನಿ, ಪೋರ್ಚುಗಲ್, ಸ್ಪೇನ್ ಮೂರೂ ಅದರ ಒಳಗೇ ಇವೆ. ಎಲ್ವಾಸ್‌ನಿಂದ ಬಡಾಹೋಸ್‌ಗೆ ಹೋಗಿ ಬಂದರೆ ವೀಸಾ ಮುಗಿಯುವುದಿಲ್ಲ. ವೀಸಾದಲ್ಲಿ ಬರೆದಿರುವ ದಿನಗಳೊಳಗೆ ಇದ್ದರೆ ಸಾಕು. ಗಡಿಯಲ್ಲಿ ಮಾಮೂಲಾಗಿ ಯಾರೂ ತಡೆಯುವುದಿಲ್ಲ, ಆದರೂ ಪೊಲೀಸರು ಕೇಳಿದರೆ ತೋರಿಸಲು ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಗಾಡಿಯನ್ನು ಸ್ಪೇನ್‌ಗೆ ಒಯ್ಯಲು ಬಾಡಿಗೆಯವರ ಒಪ್ಪಿಗೆ ಇದೆಯಾ ಎಂದು ಕರಾರಿನಲ್ಲಿ ನೋಡಿಕೊಳ್ಳಿ. ಇನ್ನೊಂದು, ನಾಲ್ಕು ಜನ ಮಲಗುವ ಗಾಡಿ ಅಂದರೆ ನಾಲ್ಕು ಜನ ಬೆಲ್ಟ್ ಹಾಕಿ ಕೂರುವ ಗಾಡಿ ಅಂತಲ್ಲ. ಬುಕ್ ಮಾಡುವಾಗ ಬೆಲ್ಟ್ ಇರುವ ಸೀಟು ಎಷ್ಟು ಅಂತ ಕೇಳಿ. ಗಾಡಿ ಓಡುವಾಗ ಅಮ್ಮ ಹಿಂದಿನ ಮಂಚದ ಮೇಲೆ ಮಲಗುವಂತಿಲ್ಲ.

ಈಗ "ಬರೀ ಗೋಡೆಗಳ ಊರು" ಎಂಬ ಮಾತಿಗೆ ಬರುತ್ತೇನೆ. ನನಗೆ ಇದೇ ಮುಖ್ಯ. ಎಲ್ವಾಸ್‌ಗೆ ಹೋಗಿ ಬೇಸರದಿಂದ ಬಂದವರನ್ನು ನಾನು ಕಂಡಿದ್ದೇನೆ. ಫೋಟೋದಲ್ಲಿ ಆಕಾಶದಿಂದ ನಕ್ಷತ್ರದ ಆಕಾರ ನೋಡಿ ಹೋಗಿರುತ್ತಾರೆ. ನೆಲದ ಮೇಲೆ ನಿಂತರೆ ಅದು ಕಾಣುವುದೇ ಇಲ್ಲ. ಹುಲ್ಲು ಬೆಳೆದ ದಿಬ್ಬ, ಒಂದು ಒಣ ಹಳ್ಳ, ಓರೆಯಾದ ಗೋಡೆ. "ಇಷ್ಟೇನಾ?" ಅನ್ನಿಸುತ್ತದೆ. ಅದು ಕೋಟೆಯ ದೋಷ ಅಲ್ಲ, ಅದನ್ನು ಕಟ್ಟಿದ್ದೇ ಕಾಣಿಸದಿರಲಿ ಅಂತ.

ಫಿರಂಗಿ ಬರುವ ಮೊದಲು ಗೋಡೆ ಎಷ್ಟು ಎತ್ತರವಿದ್ದರೆ ಅಷ್ಟು ಒಳ್ಳೆಯದು. ಏಣಿ ಹಾಕಿ ಹತ್ತುವವನನ್ನು ತಡೆಯಬೇಕಿತ್ತು. ಫಿರಂಗಿ ಬಂದ ಮೇಲೆ ಎತ್ತರದ ಗೋಡೆ ಸುಲಭದ ಗುರಿಯಾಯಿತು. ಹಾಗಾಗಿ ಗೋಡೆಯನ್ನು ತಗ್ಗಿಸಿದರು, ದಪ್ಪ ಮಾಡಿದರು, ಹಿಂದೆ ಮಣ್ಣು ತುಂಬಿದರು. ಮುಂದೆ ಆಳ ಕಂದಕ ತೋಡಿದರು. ಕಂದಕದ ಹೊರಗಿನ ನೆಲವನ್ನು ಮೆಲ್ಲಗೆ ಏರುವ ಇಳಿಜಾರಾಗಿ ಒಪ್ಪ ಮಾಡಿದರು. ದೂರದಿಂದ ನೋಡುವ ಶತ್ರುವಿಗೆ ಆ ಇಳಿಜಾರು ಮಾತ್ರ ಕಾಣುತ್ತದೆ, ಗೋಡೆ ಅದರ ಹಿಂದೆ ಮರೆಯಾಗುತ್ತದೆ. ಇಳಿಜಾರಿನ ಮೇಲೆ ಮರ, ಮನೆ ಏನೂ ಇರಬಾರದು, ಬಂದವನಿಗೆ ಅವಿತುಕೊಳ್ಳಲು ಜಾಗ ಸಿಗಬಾರದು. ಕೊತ್ತಲಗಳು ದುಂಡಗಿದ್ದರೆ ಅವುಗಳ ಬುಡದಲ್ಲಿ ಗುಂಡು ತಲುಪದ ಮೂಲೆ ಉಳಿಯುತ್ತದೆ. ಅದಕ್ಕೇ ಅವುಗಳನ್ನು ಚೂಪಾದ ಬಾಣದ ತುದಿಯಂತೆ ಕಟ್ಟಿದರು. ಪ್ರತಿ ಕೊತ್ತಲದ ಬದಿಯಿಂದ ಪಕ್ಕದ ಕೊತ್ತಲದ ಮುಖ ಪೂರ್ತಿ ಕಾಣಬೇಕು. ನಕ್ಷತ್ರದ ಆಕಾರ ಬಂದದ್ದು ಅಂದಕ್ಕಲ್ಲ, ಈ ಗುಂಡಿನ ದಾರಿಯ ಲೆಕ್ಕದಿಂದ.

ಗೋಡೆಯ ಮೇಲೆ ಒಂದು ಕೊತ್ತಲದ ಬದಿಯಲ್ಲಿ ತಂದೆಯವರನ್ನು ನಿಲ್ಲಿಸಿ. ಕಂದಕದ ಉದ್ದಕ್ಕೂ ಕಣ್ಣು ಹಾಯಿಸಲು ಹೇಳಿ. ಪಕ್ಕದ ಕೊತ್ತಲದ ಗೋಡೆ ಬುಡದಿಂದ ತುದಿಯವರೆಗೆ ಒಂದಿಷ್ಟೂ ಮರೆಯಿಲ್ಲದೆ ಕಾಣುತ್ತದೆ. ಇತಿಹಾಸದ ಮೇಷ್ಟ್ರಿಗೆ ಅಷ್ಟು ಸಾಕು, ಉಳಿದದ್ದನ್ನು ಅವರೇ ನಿಮಗೆ ವಿವರಿಸುತ್ತಾರೆ. ಆದರೆ ಹುಷಾರು. ಗೋಡೆಯ ಮೇಲೆ ಬಹಳ ಕಡೆ ಕಂಬಿ ಇಲ್ಲ. ಹುಲ್ಲಿನ ದಿಬ್ಬ ಹಾಗೇ ಮುಂದುವರಿದಂತೆ ಕಾಣುತ್ತದೆ, ಆಚೆ ನೇರ ಕಂದಕಕ್ಕೆ ಬೀಳುವ ಪ್ರಪಾತ. ಸಂಜೆ ಮಬ್ಬುಗತ್ತಲಲ್ಲಿ ಅಂಚಿಗೆ ಹೋಗಬೇಡಿ, ಫೋಟೋಗೋಸ್ಕರ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ಈ ಊರಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು ಅಂದರೆ, ಲಿಸ್ಬನ್‌ಗೂ ಮ್ಯಾಡ್ರಿಡ್‌ಗೂ ನಡುವಿನ ದಾರಿ ಇಲ್ಲೇ ಹಾದುಹೋಗುತ್ತದೆ. ಬಡಾಹೋಸ್ ಬರೀ 15 ಕಿಲೋಮೀಟರ್ ಆಚೆ. ಪೋರ್ಚುಗಲ್ 60 ವರ್ಷ ಸ್ಪೇನ್ ರಾಜರ ಕೈಕೆಳಗಿದ್ದು 1640ರಲ್ಲಿ ಬೇರೆಯಾಯಿತು. ಸೈನ್ಯ ಬರುವುದಾದರೆ ಇದೇ ದಾರಿಯಲ್ಲಿ ಬರಬೇಕು. ಕೋಟೆಯ ನಕ್ಷೆ ಮಾಡಿದವನು ಕೊಸ್ಮಾಂಡರ್ ಎಂಬ ಡಚ್ ಜೆಸುಯಿಟ್ ಪಾದ್ರಿ, ಗಣಿತ ಬಲ್ಲವನು. 1658ರ ಕೊನೆಗೆ ಸ್ಪೇನ್ ಸೈನ್ಯ ಊರನ್ನು ಮುತ್ತಿತು. ಒಳಗೆ ಸಾಂಕ್ರಾಮಿಕ ರೋಗ ಹಬ್ಬಿ ಜನ ಸಾಯತೊಡಗಿದರು. 1659ರ ಜನವರಿ 14ರಂದು ಹೊರಗಿನಿಂದ ಬಂದ ಪೋರ್ಚುಗೀಸ್ ಸೈನ್ಯ ಮುತ್ತಿಗೆಯ ಸಾಲುಗಳನ್ನು ಒಡೆದು ಊರನ್ನು ಬಿಡಿಸಿತು. ಇವತ್ತಿಗೂ ಎಲ್ವಾಸ್‌ನಲ್ಲಿ ಆ ದಿನ ಊರ ರಜೆ.

ಆ ಮುತ್ತಿಗೆ ಒಂದು ಪಾಠ ಕಲಿಸಿತು. ಊರಿನ ಉತ್ತರಕ್ಕೆ ಒಂದು ಗುಡ್ಡವಿದೆ. ಶತ್ರು ಅಲ್ಲಿ ಫಿರಂಗಿ ಇಟ್ಟರೆ ಕೆಳಗಿನ ಊರು ಅಂಗೈ ಮೇಲಿದ್ದ ಹಾಗೆ. ದಕ್ಷಿಣದ ಗುಡ್ಡದ ಮೇಲೆ ಸಾಂತಾ ಲುಜಿಯಾ ಎಂಬ ಕೋಟೆಯನ್ನು 1640ರ ದಶಕದಲ್ಲೇ ಕಟ್ಟಿದ್ದರು. ಉತ್ತರದ ಗುಡ್ಡ ಮಾತ್ರ ಸುಮಾರು ನೂರು ವರ್ಷ ಹಾಗೇ ಉಳಿಯಿತು. ಕೊನೆಗೆ 1763ರಲ್ಲಿ, ಪೋರ್ಚುಗಲ್ ಸೈನ್ಯವನ್ನು ಸುಧಾರಿಸಲು ಬಂದಿದ್ದ ಜರ್ಮನ್ ದೊರೆ ಲಿಪ್ಪೆ ಕೌಂಟ್‌ನ ಯೋಜನೆಯಂತೆ ಅಲ್ಲಿ ಗ್ರಾಸಾ ಕೋಟೆ ಶುರುವಾಯಿತು. ಮುಗಿದದ್ದು 1792ಕ್ಕೆ. ಆಮೇಲೆ ಅದು ಸೇನೆಯ ಸೆರೆಮನೆಯಾಗಿ 1989ರವರೆಗೂ ಇತ್ತು. ದುರಸ್ತಿಯಾಗಿ 2015ರಲ್ಲಿ ಜನರಿಗೆ ತೆರೆಯಿತು. ಊರಿನಲ್ಲಿ ಒಂದೇ ಜಾಗಕ್ಕೆ ಸಮಯ ಇದ್ದರೆ ಗ್ರಾಸಾ ಕೋಟೆಗೆ ಹೋಗಿ. ಅಲ್ಲಿಂದ ಕೆಳಗೆ ಎಲ್ವಾಸ್ ಪೂರ್ತಿ ಕಾಣುತ್ತದೆ, ಆಚೆ ದಿಕ್ಕಿಗೆ ಬಯಲು, ಅದರಾಚೆ ಬಡಾಹೋಸ್. ಯಾರು ಯಾರನ್ನು ಯಾಕೆ ನೋಡುತ್ತಾ ಕೂತಿದ್ದರು ಎಂಬುದು ಅಲ್ಲಿ ನಿಂತಾಗ ತಾನಾಗೇ ಅರ್ಥವಾಗುತ್ತದೆ. ಗುಡ್ಡದ ರಸ್ತೆ ಕಿರಿದು, ಏರು. ಅದಕ್ಕೂ ಟ್ಯಾಕ್ಸಿಯೇ ವಾಸಿ. ವಾಪಸ್ ಕರೆದೊಯ್ಯಲು ಬರುವ ಸಮಯ ಮೊದಲೇ ಮಾತಾಡಿಕೊಳ್ಳಿ.

2012ರಲ್ಲಿ ಯುನೆಸ್ಕೊ ಎಲ್ವಾಸನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಬರೀ ಊರ ಗೋಡೆಯನ್ನು ಸೇರಿಸಲಿಲ್ಲ. ಗುಡ್ಡದ ಕೋಟೆಗಳು, ಸಣ್ಣ ಕೋಟೆಗಳು, ಮೇಲ್ಗಾಲುವೆ ಎಲ್ಲ ಸೇರಿಸಿತು. ಒಣ ಕಂದಕವಿರುವ ಇಂಥ ಕೋಟೆ ವ್ಯವಸ್ಥೆಗಳಲ್ಲಿ ಪ್ರಪಂಚದಲ್ಲೇ ದೊಡ್ಡದು ಇದು. ಅರ್ಧ ದಿನದಲ್ಲಿ ಇದನ್ನು ನೋಡಬಹುದು, ಸುತ್ತಿ ಬರಬಹುದು. ಆದರೆ ಒಂದು ಭಾಗ ಇನ್ನೊಂದನ್ನು ಹೇಗೆ ಕಾಯುತ್ತದೆ ಎಂದು ತಿಳಿಯುವುದಕ್ಕೆ ಎರಡು ದಿನ ಇಟ್ಟುಕೊಳ್ಳಿ. 48 ಗಂಟೆಯ ನಿಯಮಕ್ಕೂ ಅದು ಸರಿಹೊಂದುತ್ತದೆ.

ಅಮ್ಮನಿಗೆ ನಾನು ಶಿಫಾರಸು ಮಾಡುವುದು ಮೇಲ್ಗಾಲುವೆ. ನೀವು ಗಾಡಿ ನಿಲ್ಲಿಸುವ ಬಯಲಿನ ಪಕ್ಕದಲ್ಲೇ ಇದೆ, ಹತ್ತುವುದು ಇಳಿಯುವುದು ಏನಿಲ್ಲ. ಕೆಲವು ಕಡೆ ಒಂದರ ಮೇಲೊಂದು ಕಮಾನು ಸಾಲುಗಳು, 31 ಮೀಟರ್ ತನಕ ಎತ್ತರ. ಸುಮಾರು 7 ಕಿಲೋಮೀಟರ್ ದೂರದಿಂದ ನೀರು ತರಲು 16ನೇ ಶತಮಾನದಲ್ಲಿ ಕೆಲಸ ಶುರುವಾಯಿತು, ಹಣವಿಲ್ಲದೆ ನಿಂತು ನಿಂತು ಸಾಗಿತು. ಊರಿನ ಜನ ಇದಕ್ಕೆಂದೇ ತೆರಿಗೆ ಕಟ್ಟಿದರು. ಊರೊಳಗೆ ನೀರು ಬಂದದ್ದು 1622ರಲ್ಲಿ. ಗುಡ್ಡದ ಮೇಲಿನ ಊರಿಗೆ ಗೋಡೆ ಎಷ್ಟು ಗಟ್ಟಿಯಿದ್ದರೇನು, ನೀರಿಲ್ಲದಿದ್ದರೆ ಮುತ್ತಿಗೆ ತಡೆಯಲು ಆಗುವುದಿಲ್ಲ. ಬೆಳಿಗ್ಗೆ ಎಳೆ ಬಿಸಿಲು ಬಿದ್ದಾಗ ಕಂಬಗಳ ಬುಡದಲ್ಲಿ ಅಮ್ಮನ ಜೊತೆ ನಿಧಾನಕ್ಕೆ ಒಂದು ಸುತ್ತು ನಡೆಯಿರಿ. ದಪ್ಪ ಕಂಬಗಳಿಗೆ ಒರಗಿಸಿದಂತೆ ಆನಿಕೆ ಗೋಡೆಗಳಿವೆ, ಕೆಲವು ದುಂಡಗೆ, ಕೆಲವು ಚೌಕ. ಹತ್ತಿರ ಹೋಗಿ ಕೈಯಿಟ್ಟು ನೋಡಿದರೇ ಅದರ ಗಾತ್ರ ಗೊತ್ತಾಗುವುದು.

ಸಿಹಿ ಇಷ್ಟವಾದರೆ ಸೆರಿಕಾಯಾ ತಿನ್ನಿ. ಮೊಟ್ಟೆ, ಹಾಲು, ಸಕ್ಕರೆ, ದಾಲ್ಚಿನ್ನಿ ಹಾಕಿ ಒಲೆಯಲ್ಲಿ ಬೇಯಿಸಿದ್ದು, ಮೇಲ್ಭಾಗ ಬಿರಿದಿರುತ್ತದೆ. ಪಕ್ಕದಲ್ಲಿ ಸಕ್ಕರೆ ಪಾಕದಲ್ಲಿ ಹಾಕಿದ ಎಲ್ವಾಸ್‌ನ ಹಸಿರು ಪ್ಲಮ್ ಇಟ್ಟು ಕೊಡುತ್ತಾರೆ. ಮನೆಯಲ್ಲಿ ಮೊಟ್ಟೆ ತಿನ್ನದವರಿದ್ದರೆ ಪ್ಲಮ್ ಮಾತ್ರ ಡಬ್ಬಿಯಲ್ಲಿ ಸಿಗುತ್ತದೆ.

ಎರಡು ದಿನವನ್ನು ಹೇಗೆ ಹಂಚಿಕೊಳ್ಳುವುದು ಎಂದು ಕೇಳುತ್ತೀರಿ ಅಂದುಕೊಂಡಿದ್ದೇನೆ. ಲಿಸ್ಬನ್‌ನಿಂದ ಎ-6 ಹೆದ್ದಾರಿ ಬೇಗ ತಲುಪಿಸುತ್ತದೆ, ಆದರೆ ಟೋಲ್ ಇದೆ. ಪೋರ್ಚುಗಲ್‌ನಲ್ಲಿ ಮುಂದಿನ ಚಕ್ರದ ಮೇಲೆ ಗಾಡಿಯ ಎತ್ತರ 1.10 ಮೀಟರ್ ಮುಟ್ಟಿದರೆ ಎರಡನೇ ದರ್ಜೆಯ ದರ, ಮೋಟರ್‌ಹೋಮ್ ಅದರಲ್ಲೇ ಬರುತ್ತದೆ. ಸಮಯ ಇದ್ದರೆ ಎನ್-4 ರಸ್ತೆ ಹಿಡಿಯಿರಿ. ಎಸ್ತ್ರೆಮೊಜ್, ಬೊರ್ಬಾ ಊರುಗಳಲ್ಲಿ ಮನೆಯ ಹೊಸ್ತಿಲಿಗೂ ಅಮೃತಶಿಲೆ ಹಾಕಿರುವುದು ಕಾಣುತ್ತದೆ, ಸುತ್ತಲೂ ಅದರ ಗಣಿಗಳೇ. ಮಧ್ಯಾಹ್ನದ ಹೊತ್ತಿಗೆ ಎಲ್ವಾಸ್ ತಲುಪಿ, ಹಗಲಿನಲ್ಲೇ ಜಾಗ ಹಿಡಿಯಿರಿ. ಅವತ್ತು ಮೇಲ್ಗಾಲುವೆ ಮತ್ತು ಊರು. ಮಾರನೇ ದಿನ ಗ್ರಾಸಾ ಕೋಟೆ, ಆಮೇಲೆ ಒಂದು ಕೊತ್ತಲದ ಮೇಲಿರುವ ಪುಟ್ಟ ಇಂಗ್ಲಿಷ್ ಸ್ಮಶಾನ. ನೆಪೋಲಿಯನ್‌ನ ಫ್ರೆಂಚ್ ಸೈನ್ಯದ ವಿರುದ್ಧ ಬ್ರಿಟಿಷರು ಹೋರಾಡಿದ 1811ರ ಆಲ್ಬುಎರಾ ಯುದ್ಧ, 1812ರ ಬಡಾಹೋಸ್ ಮುತ್ತಿಗೆಯ ಕಾಲದ ಸಮಾಧಿಗಳು ಅಲ್ಲಿವೆ. ಅನೇಕ ಕಡೆ ಸೋಮವಾರ ಮುಚ್ಚಿರುತ್ತದೆ, ಆ ದಿನ ಬಿಟ್ಟು ಯೋಜನೆ ಮಾಡಿ.

ಬಡಾಹೋಸ್‌ಗೆ ಹೋಗುವಾಗಲೂ ಗಾಡಿ ಹೊರಗೇ. ಗ್ವಾಡಿಯಾನಾ ನದಿಯ ಪಕ್ಕ, ಪಾಲ್ಮಾಸ್ ಸೇತುವೆ ಹತ್ತಿರ ಮೋಟರ್‌ಹೋಮ್ ನಿಲ್ಲಿಸುತ್ತಾರೆ. ಅಲ್ಲಿಂದ ಹಳೇ ಸೇತುವೆ ದಾಟಿ ಊರೊಳಗೆ ನಡೆಯಬಹುದು. ಮೇಲೆ ಅರಬರ ಕಾಲದ ಅಲ್ಕಸಾಬಾ ಕೋಟೆ ಇದೆ, ಅದು ಎಲ್ವಾಸ್‌ಗೆ ತದ್ವಿರುದ್ಧ: ಎತ್ತರದ ಗೋಡೆ, ಗೋಪುರ. ಎರಡನ್ನೂ ಒಂದರ ಹಿಂದೊಂದು ನೋಡಿದರೆ ಫಿರಂಗಿ ಬರುವ ಮೊದಲು ಮತ್ತು ಬಂದ ಮೇಲೆ ಏನಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ವಾಪಸ್ ಬರುವಾಗ ಒಲಿವೆನ್ಸಾ ಮೇಲೆ ಬನ್ನಿ. 1801ರಲ್ಲಿ ಸ್ಪೇನ್ ಕೈಗೆ ಹೋದ ಊರು ಅದು, ಪೋರ್ಚುಗಲ್ ಇವತ್ತಿಗೂ ಅದನ್ನು ಅಧಿಕೃತವಾಗಿ ಒಪ್ಪಿಲ್ಲ. ಆ ಯುದ್ಧದಲ್ಲಿ ಸ್ಪೇನ್ ಸೇನಾನಿ ಗೊದೊಯ್ ಎಲ್ವಾಸ್ ಊರ ಹೊರಗಿನ ತೋಟದ ಕಿತ್ತಳೆ ಕೊಂಬೆಗಳನ್ನು ತನ್ನ ರಾಣಿಗೆ ಕಳಿಸಿದ, ಹಾಗಾಗಿ ಅದಕ್ಕೆ ಕಿತ್ತಳೆ ಯುದ್ಧ ಎಂದೇ ಹೆಸರು. ಎಲ್ವಾಸ್ ಊರನ್ನು ಮಾತ್ರ ಹಿಡಿಯಲಾಗಲಿಲ್ಲ. ಒಲಿವೆನ್ಸಾದಿಂದ ಎಲ್ವಾಸ್ ಕಡೆ ಬರುವಾಗ ಗ್ವಾಡಿಯಾನಾ ಮೇಲೆ ಅಜುದಾ ಸೇತುವೆಯ ಮುರಿದ ಕಮಾನುಗಳು ನಿಂತಿವೆ. 1709ರಲ್ಲಿ ಸ್ಪೇನ್ ಸೈನ್ಯ ಒಡೆದದ್ದನ್ನು ಮತ್ತೆ ಜೋಡಿಸಲಿಲ್ಲ, ಪಕ್ಕದಲ್ಲಿ ಹೊಸ ಸೇತುವೆ ಇದೆ.

ಕೊನೆಯದಾಗಿ ಎರಡು ಕೆಲಸ. ಗಾಡಿ ತೆಗೆದುಕೊಂಡ ದಿನ ಅದರ ನಿಜವಾದ ಎತ್ತರವನ್ನು, ಮೇಲಿನ ಎಸಿ, ಆಂಟೆನಾ ಎಲ್ಲ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರು ಅಂಟಿಸಿ. ಖಾಲಿ ಪಾರ್ಕಿಂಗ್‌ನಲ್ಲಿ ಒಬ್ಬರು ಹೊರಗೆ ನಿಂತು ನೋಡುವಾಗ ಪೂರ್ತಿ ಸ್ಟಿಯರಿಂಗ್ ತಿರುಗಿಸಿ, ಹಿಂಬದಿ ಎಷ್ಟು ಬೀಸುತ್ತದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಇನ್ನೊಂದು ಗಡಿಯಾರದ್ದು. ಸ್ಪೇನ್ ಸಮಯ ಪೋರ್ಚುಗಲ್‌ಗಿಂತ ಒಂದು ಗಂಟೆ ಮುಂದೆ. ಗಡಿ ಹತ್ತಿರ ಫೋನು ಆಚೆ ಕಡೆಯ ಟವರ್ ಹಿಡಿದು ತಾನಾಗೇ ಗಂಟೆ ಬದಲಿಸಿಬಿಡುತ್ತದೆ. ಟ್ಯಾಕ್ಸಿಯವರಿಗೆ ಸಮಯ ಹೇಳುವಾಗ, ಕೋಟೆ ಮುಚ್ಚುವ ಹೊತ್ತು ನೋಡುವಾಗ ಅದು ಎಲ್ವಾಸ್ ಗಂಟೆಯೋ ಬಡಾಹೋಸ್ ಗಂಟೆಯೋ ಎಂದು ಒಮ್ಮೆ ಖಚಿತ ಮಾಡಿಕೊಳ್ಳಿ.